ಆಂಟಿಯ ಒರಿಜಿನಲ್ ಫೆಜ್ವಾಡಾ

ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮೈಸೂರಿನವರು. ಪುಳಿಯೋಗರೆಗೆ ಬಟಾಣಿ ಹಾಕಿದ್ದೆನೆಂದು ಒಮ್ಮೆ ನನ್ನ ಜೊತೆ ಮಾತು ಬಿಟ್ಟಿದ್ದರು.

ಲಾಕ್‌ಡೌನ್ ಸಮಯದಲ್ಲಿ ಅವರು ಯೂಟ್ಯೂಬ್ ನೋಡಿ ಬ್ರೆಜಿಲ್ ಅಡುಗೆ ಕಲಿತರು. ಅವರ ಹೆಮ್ಮೆಯೆಂದರೆ ಫೆಜ್ವಾಡಾ. ಕಪ್ಪು ಬೀನ್ಸನ್ನು ಹಂದಿಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸುವ ಅಡುಗೆ ಅದು. ಆಂಟಿ ಮಾಂಸ ಬಿಟ್ಟರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟರು. ಬೀನ್ಸನ್ನು ಕುಕ್ಕರಿನಲ್ಲಿ ಕೂಗಿಸಿ, ಹುಣಿಸೆರಸ, ಸಾರಿನ ಪುಡಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಪ್ರತಿಸಲವೂ ಹೇಳುತ್ತಿದ್ದರು: “ಒರಿಜಿನಲ್ ರೆಸಿಪಿ ಕಣಮ್ಮ. ನಾನೇನೂ ಚೇಂಜ್ ಮಾಡಿಲ್ಲ.”

ಒಂದು ದಿನ ಎದುರುಮನೆಗೆ ಬ್ರೆಜಿಲ್ಲಿನ ಮಹಿಳೆಯೊಬ್ಬರು ಬಾಡಿಗೆಗೆ ಬಂದರು. ಆಂಟಿ ತಡಮಾಡದೆ ಅವರನ್ನು ಊಟಕ್ಕೆ ಕರೆದರು. ನಾನೂ ಇದ್ದೆ. ಬಡಿಸಿದ ಮೇಲೆ ಆಂಟಿ ಕೂರಲೇ ಇಲ್ಲ. ಸೌಟು ಹಿಡಿದು ಅತಿಥಿಯ ಮುಖವನ್ನೇ ನೋಡುತ್ತ ನಿಂತರು.

ಆಕೆ ತಟ್ಟೆ ಖಾಲಿ ಮಾಡಿ, ನಿಮ್ಮ ಇಂಡಿಯನ್ ಅಡುಗೆ ತುಂಬ ರುಚಿಯಾಗಿದೆ, ಇದಕ್ಕೇನು ಹೆಸರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆಂಟಿ ಇನ್ನೊಂದು ಸೌಟು ಬಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಮೆಲ್ಲಗೆ ಹೇಳಿದರು:

“ಪಾಪ, ಊರು ಬಿಟ್ಟು ಎಷ್ಟು ವರ್ಷ ಆಯ್ತೋ ಏನೋ. ತಮ್ಮ ಅಡಿಗೆನೇ ಮರೆತುಬಿಟ್ಟಿದಾರೆ.”