ಬಲಗಡೆಯ ಸ್ವಿಚ್

ಆ ಸ್ವಿಚ್ ಕೆಡಿಸಿದವನು ನಾನು, ಮಲ್ಲಣ್ಣಾ. ನೀನಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ — ಇಲ್ಲದಿದ್ದರೆ ಸುತ್ತಿ ಬಳಸಿ ಮತ್ತೆ ಎಲ್ಲೋ ಜಾರಿಕೊಳ್ಳುತ್ತೇನೆ. ನನ್ನ ಗುಣ ನಿನಗೆ ಗೊತ್ತಲ್ಲ.

ವಾಸ್ಕೋದಲ್ಲಿ ಉಸ್ತಾದರ ಗ್ಯಾರೇಜಿನಲ್ಲಿ ನಾವಿಬ್ಬರೂ ಕಾರುಗಳ ವೈರಿಂಗ್ ಮಾಡುತ್ತಿದ್ದ ಕಾಲ. ಒಬ್ಬರು ಮುದುಕರು — ಅಲ್ಲಿಯ ರೂಢಿಯಂತೆ ಮರ್ಯಾದೆಗೆ ಎಲ್ಲರೂ ಬಾಬ್ ಅನ್ನುತ್ತಿದ್ದೆವು — ಪೋರ್ಚುಗಲ್ಲಿನಿಂದ ತರಿಸಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದರು. ಡ್ರೈವರ್ ಕಡೆಯ ಗಾಜು ಇಳಿದರೆ ಏರುತ್ತಿರಲಿಲ್ಲ, ಸ್ವಿಚ್ ಕೆಟ್ಟಿತ್ತು. ಅಂಥದ್ದು ಇಲ್ಲಿ ಎಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ನೀನು ಎರಡೂ ಬಾಗಿಲಿನ ಸ್ವಿಚ್ ಬಿಚ್ಚಿ, ಮೇಜಿನ ಬಟ್ಟೆಯ ಮೇಲೆ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಇಟ್ಟೆ. ಕೆಟ್ಟದ್ದರೊಳಗಿನ ಕರಿಯನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ ತೆಗೆದೆ. ನಾನು ಪಾಲಿಶ್ ಪೇಪರ್ ಕೊಟ್ಟರೆ ಬೇಡವೆಂದೆ.

"ಮ್ಯಾಲಿನ ಬೆಳ್ಳಿ ಪದರ ಹೋತಂದ್ರ ತಾಮ್ರ ಕಾಯ್ದು ಸುಡತೈತಿ."

ಉಸ್ತಾದರು ಎಲ್ಲರೆದುರು ನಿನ್ನನ್ನು ಹೊಗಳಿದರು. ನನಗೆ ಹೊಟ್ಟೆ ಉರಿಯಿತು — ಹೌದು, ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ. ನೀನು ಊಟಕ್ಕೆ ಹೋದಾಗ, ಅದನ್ನು ಇನ್ನೂ ಚೊಕ್ಕ ಮಾಡಿ ತೋರಿಸುತ್ತೇನೆಂದು ಮೇಜಿಗೆ ಕೂತೆ. ನಮ್ಮ ಕಾರುಗಳಲ್ಲಿ ಡ್ರೈವರ್ ಬಲಕ್ಕೆ ತಾನೆ — ಕೈ ತಾನಾಗಿ ಬಲಗಡೆಯದ್ದನ್ನೇ ಎತ್ತಿಕೊಂಡಿತು. ತೆರೆದರೆ ಒಳಗೆ ತುಸು ಕಪ್ಪು. ಮಲ್ಲಣ್ಣ ಅರ್ಧಂಬರ್ಧ ಮಾಡಿದ್ದಾನೆ ಎಂದು ಖುಷಿಪಟ್ಟೆ! ನಿನ್ನ ಮಾತು ಲೆಕ್ಕಿಸದೆ ಒರಟು ಪಾಲಿಶ್ ಪೇಪರಿನಿಂದ ತಿಕ್ಕಿದೆ, ತಾಮ್ರ ಕೆಂಪಗೆ ಕಾಣುವವರೆಗೆ. ತಲೆ ಎತ್ತಿದಾಗ ಆ ಕಾರಿನ ಸ್ಟೀರಿಂಗ್ ಕಣ್ಣಿಗೆ ಬಿತ್ತು. ಎಡಕ್ಕಿತ್ತು. ಚೆನ್ನಾಗಿದ್ದ ಸ್ವಿಚ್ಚನ್ನು ನಾನು ಹಾಳು ಮಾಡಿದ್ದೆ. ಆಗಲೇ ಹೇಳಬಹುದಿತ್ತು... ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟೆ. ನೀನು ಬಂದು ಎರಡನ್ನೂ ಬಾಗಿಲಿಗೆ ಕೂರಿಸಿದೆ. ಗಾಜುಗಳು ಸಲೀಸಾಗಿ ಏರಿಳಿದವು.

ಮಳೆಗಾಲದಲ್ಲಿ ಕಾರು ಮರಳಿ ಬಂತು. ಬಲಗಡೆ ಕೂತಿದ್ದ ಬಾಬ್ ಅವರ ಹೆಂಡತಿ ಗಾಜು ಏರಿಸಲು ಹೋಗಿ ಬೆರಳು ಸುಟ್ಟುಕೊಂಡಿದ್ದರು, ಸ್ವಿಚ್ ಕರಗಿತ್ತು. ಉಸ್ತಾದರು ಕೆಂಡವಾದರು.

"ಇದಕ್ಕ ಕೈ ಹಚ್ಚಿದಾಂವ ಯಾಂವ?"

"ಬಿಚ್ಚಿದಾಂವ ನಾನ ರೀ. ಆದ್ರ ಆ ಕಡೀದರ ಒಳಗ ನಾ ಕೈ ಹಚ್ಚಿಲ್ಲ..." ನೀನು ತಡವರಿಸಿದೆ.

ಉಸ್ತಾದರು ನನ್ನ ಕಡೆ ತಿರುಗಿದರು.

"ನನಗೇನೂ ಗೊತ್ತಿಲ್ರಿ. ಅದು ಮಲ್ಲಣ್ಣನ ಕೆಲಸ."

ಇಷ್ಟೇ ಅಂದೆ. ನೀನು ನಿನ್ನ ಕೈಗಳನ್ನೇ ನೋಡಿಕೊಂಡು, "ಜೋಡಸೂವಾಗ ನನ್ನ ಕಡಿಂದನ ಏನರ ತಪ್ಪಾಗಿರಬೇಕ್ರಿ," ಅಂದೆ. ನನ್ನ ಮೇಲೆ ಅನುಮಾನ ಕೂಡ ಪಡಲಿಲ್ಲ! ನಿನ್ನನ್ನು ಕೆಲಸದಿಂದ ಬಿಡಿಸಿದರು. ನಿನ್ನ ಮೇಜು ನನಗೆ ಬಂತು.

ನೀನು ಸಾವರ್ಡೆಯಲ್ಲಿ ಅದಿರು ಲಾರಿಗಳ ವೈರಿಂಗ್ ಮಾಡುತ್ತಿದ್ದೀಯೆಂದು ಕೇಳಿದ್ದೆ. ಹೇಗೋ ಹೊಟ್ಟೆ ತುಂಬುತ್ತದಲ್ಲ ಎಂದು ನನಗೆ ನಾನೇ ಸಮಾಧಾನ... ಈಗ ಗಣಿ ಮುಚ್ಚಿ ಲಾರಿಗಳು ನಿಂತಿವೆ. ಕಾರಿನ ಕೆಲಸಕ್ಕೆ ಯಾರಾದರೂ ಕರೆದರೆ, "ನನ್ನ ಕೈಗೆ ಕಾರು ಒಗ್ಗಂಗಿಲ್ಲ" ಅನ್ನುತ್ತೀಯಂತೆ — ನಮ್ಮ ಕಡೆಯವರೊಬ್ಬರು ಬಂದು ಹೇಳಿದರು. ನಾನು ಕಿತ್ತುಕೊಂಡದ್ದು ಒಂದು ಕೆಲಸವೆಂದುಕೊಂಡಿದ್ದೆ, ಮಲ್ಲಣ್ಣಾ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಉಸ್ತಾದರ ಮುಂದೆ, ಗ್ಯಾರೇಜಿನವರೆಲ್ಲರ ಮುಂದೆ, ಇದನ್ನೆಲ್ಲ ಹೇಳಿದೆ. ಮೇಜು ಬಿಟ್ಟೆ. ಅವರು ಏನೆಂದರು ಎಂಬುದು ಇಲ್ಲಿ ಬೇಡ. ನಾಳೆ ಸಾವರ್ಡೆಗೆ ಬರುತ್ತೇನೆ. ಕರಗಿದ ಆ ಸ್ವಿಚ್ಚನ್ನು ಅವತ್ತೇ ಎತ್ತಿಟ್ಟುಕೊಂಡಿದ್ದೆ — ಯಾರೂ ಬಿಚ್ಚಿ ನೋಡಬಾರದೆಂದು. ಅದರೊಳಗೆ ಒಂದು ಚೂರು ತಾಮ್ರ ಇನ್ನೂ ಹಾಗೇ ಉಳಿದಿದೆ, ಮೈತುಂಬ ಒರಟು ಗೀರು. ಹೊಡೆಯುವುದಾದರೆ ಹೊಡಿ, ಬಾಗಿಲು ಹಾಕಿಕೊಂಡರೆ ಹೊರಗೇ ಕೂತಿರುತ್ತೇನೆ. ಆದರೆ ಆ ಗೀರುಗಳನ್ನು ಒಮ್ಮೆ ನೋಡು. ರಬ್ಬರಿನಿಂದ ತಿಕ್ಕುವವನ ಕೈಯಲ್ಲಿ ಅಂಥ ಗೀರು ಬೀಳುವುದಿಲ್ಲ.