ನ್ಯಾಯಾಲಯಕ್ಕೆ ಹೋದ ಕನ್ನಡದ ಸಾಲು

ಆ ಡಾಕ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಗಲ್ಫಿನ ಸಲ್ವಾದಲ್ಲಿ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ನರ್ಸ್ ಆಗಿದ್ದೆ. ಅವರು ಹಿರಿಯ ವೈದ್ಯರು, ಮೈಸೂರಿನ ಕಡೆಯವರು. ಒಂದು ಮಧ್ಯಾಹ್ನ ಮೂರು ತಿಂಗಳ ಬಸುರಿಯೊಬ್ಬಳು ರಕ್ತಸ್ರಾವವಾಗಿ ಬಂದಳು. ಮೈ ಕೆಂಡದಂತೆ ಸುಡುತ್ತಿತ್ತು, ನಂಜೇರಿತ್ತು. ಗರ್ಭ ತೆಗೆಯದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಗಂಡನ ಫೋನ್ ಆಫ್ ಆಗಿತ್ತು. ನಿಯಮದಂತೆ ಮೂವರು ವೈದ್ಯರ ಸಮಿತಿ ಸೇರುವಷ್ಟು ಹೊತ್ತೂ ಇರಲಿಲ್ಲ. ಮದ್ದು ಕೊಡಿ ಎಂದು ಅವರು ಬಾಯಲ್ಲೇ ಹೇಳಿದರು, ಕೊಟ್ಟೆ. ಅವಳು ಬದುಕಿದಳು.

ವಾರ ಕಳೆದು ಅವಳ ಗಂಡ, ತನ್ನನ್ನು ಕೇಳದೆ ಗರ್ಭ ತೆಗೆದರೆಂದು ಪೊಲೀಸರಿಗೆ ದೂರು ಕೊಟ್ಟ. ಡಾಕ್ಟರು ಹೆದರಿ, ತಾನು ಹೇಳಲೇ ಇಲ್ಲ, ಸಿಸ್ಟರೇ ತಾನಾಗಿ ಕೊಟ್ಟದ್ದು ಎಂದು ಹೇಳಿಕೆ ಬರೆದುಕೊಟ್ಟರು. ಯುಗಾದಿಗೆ ಅವರ ಮನೆಯಲ್ಲಿ ಹೋಳಿಗೆ ತಿಂದವಳು ನಾನು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಉಣಿಸಿದವರೇ ಬಗೆದರೆ ಯಾವ ಗಾದೆಯಿದೆಯೋ ನನಗೆ ಗೊತ್ತಿಲ್ಲ.

ನನ್ನ ಕೆಲಸ ಖಲಾಸ್. ದೇಶ ಬಿಡುವಂತೆಯೂ ಇರಲಿಲ್ಲ. ಇಲ್ಲಿ ಎರಡು ಕಾನೂನುಗಳಿವೆ ಎಂದು ವಕೀಲರು ತಿಳಿಸಿ ಹೇಳಿದರು. ಗರ್ಭ ತೆಗೆಯಲು ಮದ್ದು ಕೊಟ್ಟವರಿಗೆ ಜೈಲು ಎನ್ನುತ್ತದೆ ದಂಡದ ಕಾನೂನು. ತಾಯಿಯ ಜೀವ ಉಳಿಸಲು ತೆಗೆಯಬಹುದು, ತುರ್ತಿದ್ದರೆ ಸಮಿತಿ ಸೇರದೆಯೂ, ಎನ್ನುತ್ತದೆ ವೈದ್ಯರ ಕಾನೂನು. ಕೆಳಗಿನ ನ್ಯಾಯಾಲಯ ಮೊದಲನೆಯದನ್ನೇ ಹಿಡಿದು ನನಗೆ ಜೈಲು ವಿಧಿಸಿತು. ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದೆ. ಮೇಲಿನ ನ್ಯಾಯಾಲಯ ಎರಡನ್ನೂ ಒಟ್ಟಿಗೆ ಓದಬೇಕು ಎಂದಿತು. ಎರಡನೆಯದು ಕೊಡುವ ವಿನಾಯಿತಿ ವೈದ್ಯರ ತೀರ್ಮಾನಕ್ಕೆ ಮಾತ್ರ, ಹಾಗಾದರೆ ತೀರ್ಮಾನ ಯಾರದು ಎಂದು ಕೇಳಿತು. ಡಾಕ್ಟರು ನಿಜ ಹೇಳಿದ್ದರೆ ಇಬ್ಬರೂ ಪಾರಾಗುತ್ತಿದ್ದೆವು.

ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಗಂಟೆ ಸಮೇತ ಸಣ್ಣ ಡೈರಿಯಲ್ಲಿ ಕನ್ನಡದಲ್ಲೇ ಬರೆದಿಡುವುದು ನನ್ನ ರೂಢಿ. ಪರದೇಶದಲ್ಲಿ ಕನ್ನಡ ಕಂಡ ಖುಷಿಗೆ ಅವರು ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಆ ದಿನವೂ ಹಾಕಿದ್ದರು, ಮರೆತುಬಿಟ್ಟಿದ್ದರು. ಅರಬ್ಬಿಗೆ ಭಾಷಾಂತರವಾಗದ ಕಾಗದವೆಂದು ಕೆಳಗಿನ ನ್ಯಾಯಾಲಯ ಅದನ್ನು ಮುಟ್ಟಿರಲಿಲ್ಲ. ಈ ಸಲ ಇಂಗ್ಲಿಷಿಗೆ, ಅಲ್ಲಿಂದ ಅರಬ್ಬಿಗೆ ಮಾಡಿಸಿದೆ.

ಸುದ್ದಿ ತಿಳಿದು ಅವರು ಹೆಂಡತಿಯನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಚಹಾ ಕೂಡ ಕೊಡಲಿಲ್ಲ.

“ಆ ಪುಟ ಕೊಡ್ಬೇಡಿ ಸಿಸ್ಟರ್. ಸುಳ್ಳು ಹೇಳಿಕೆ ಅಂತ ನನ್ನ ಲೈಸೆನ್ಸ್ ಹೋಗುತ್ತೆ. ಮಕ್ಕಳು ಇಲ್ಲೇ ಓದ್ತಿದ್ದಾರೆ.”

“ನಾನು ಜೈಲಿಗೆ ಹೋದ್ರೆ ನನ್ನ ಮಕ್ಕಳನ್ನು ಯಾರು ನೋಡಿಕೊಳ್ಳೂದು ಡಾಕ್ಟ್ರೇ?”

ಅವರ ಮುಖ ಬಿಳಿಚಿಕೊಂಡದ್ದನ್ನು ಕಣ್ತುಂಬ ನೋಡಿದೆ. ಹಿತವಾಯಿತು, ಯಾಕೆ ಸುಳ್ಳು ಹೇಳಲಿ.

ನಾನು ಬಿಡುಗಡೆಯಾದೆ. ಅವರ ಲೈಸೆನ್ಸ್ ಹೋಯಿತು. ಅವರು ಊರಿಗೆ ಹೊರಟಾಗ ನಮ್ಮ ಕನ್ನಡದವರು ಬೀಳ್ಕೊಡುಗೆ ಇಟ್ಟುಕೊಂಡರು. ನನ್ನನ್ನು ಕರೆದಿರಲಿಲ್ಲ. ಒಳ್ಳೆಯ ಸೀರೆ ಉಟ್ಟು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದವರು ನನ್ನನ್ನು ಕಂಡರು, ಮಾತು ನಿಂತಿತು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.