ಅದರ ತಪ್ಪಲ್ಲ ಬಿಡಿ ಸಾರ್

ಅಜ್ಜಂಪುರದ ನಮ್ಮನೆಯ ವೈಫೈ ಕೈಕೊಟ್ಟಾಗಲೆಲ್ಲ ಇಂಟರ್ನೆಟ್ ಕಂಪನಿಯ ರಿಪೇರಿಯವರು ತರೀಕೆರೆಯಿಂದ ಬೈಕಿನಲ್ಲಿ ಬರುತ್ತಿದ್ದರು. ಬಂದವರೇ, ಮಗುವಿನ ಜ್ವರ ನೋಡುವವರಂತೆ ರೂಟರಿನ ಮೇಲೆ ಅಂಗೈ ಇಟ್ಟು, "ಇದರ ತಪ್ಪಲ್ಲ ಬಿಡಿ ಸಾರ್" ಎನ್ನುತ್ತಿದ್ದರು. ಆಮೇಲೆ ವೈರು, ಪ್ಲಗ್ಗು, ನನ್ನ ಮೊಬೈಲು ಒಂದೊಂದನ್ನೂ ಮುಟ್ಟಿ ಅದೇ ಮಾತು. ಅವರಿದ್ದಷ್ಟು ಹೊತ್ತು ನೆಟ್ ಸರಾಗವಾಗಿ ಓಡುತ್ತಿತ್ತು; ಅವರು ಹೋದ ಮೇಲೆ ಮತ್ತೆ ನಿಂತುಹೋಗುತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಇವರಿಗೆ ಕೆಲಸವೇ ಬರುವುದಿಲ್ಲ ಎಂದು ತೀರ್ಮಾನಿಸಿ ಕಂಪನಿಗೆ ಎರಡು ಸಲ ದೂರು ಕೊಟ್ಟೆ.

ಮೂರನೇ ಸಲ ಬಂದವರು ಎಲ್ಲ ನೋಡಿ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಒಳಗೆ ನಾನು ಎಂದಿನಂತೆ ರೂಟರನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಹಲ್ಲಿ, ಧೂಳು ತಾಗದಿರಲೆಂದು ಈ ಏರ್ಪಾಡು; ವೈರ್ ತೂರಿಸಲು ಬೀರುವಿನ ಬೆನ್ನಿಗೆ ತೂತು ಕೊರೆಸಿದ್ದವನೂ ನಾನೇ. ಬೀಗದ ಸದ್ದು ಕೇಳಿ ಅವರು ವಾಪಸ್ ಬಂದರು.

"ದಿನಾ ಹಿಂಗೇ ಇಡ್ತೀರಾ ಸಾರ್?"

"ಹೂಂ. ನೀವು ಬಂದಾಗ ಮಾತ್ರ ಹೊರಗೆ ತೆಗೀತೀನಿ."

ಅವರು ಬೀರುವಿನ ಮೇಲೂ ಅಂಗೈ ಇಟ್ಟರು. "ಕಬ್ಬಿಣ ದಾಟಿ ಸಿಗ್ನಲ್ ಬರಲ್ಲ ಸಾರ್. ಆದ್ರೂ ಇದರ ತಪ್ಪಲ್ಲ ಬಿಡಿ."

ಇನ್ನು ಉಳಿದಿದ್ದವನು ನಾನೊಬ್ಬನೇ. ಅವರು ನನ್ನತ್ತ ನೋಡಲೇ ಇಲ್ಲ.

ನನ್ನ ದೂರುಗಳಿಂದ ಆಗಲೇ ಆಫೀಸಿನಲ್ಲಿ ಬೈಸಿಕೊಂಡಿದ್ದವರು, ಕಂಪನಿಯ ರಿಪೇರಿ ಚೀಟಿಯಲ್ಲಿ 'ನಮ್ಮ ಲೈನಿನ ದೋಷ, ಸರಿಪಡಿಸಿದೆ' ಎಂದು ಬರೆದು ನನ್ನ ಮುಂದೆ ಹಿಡಿದರು. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಸಹಿ ಹಾಕಿದೆ.